ದಿವಾನದಿಂದ ಬಿಗ್ ಡೇಟಾದವರೆಗೆ: ಕಡತದ ಕೋಣೆಯ ಬೀಗ ತೆರೆದ ಚರಿತ್ರೆ



'ದಿವಾನ' ಎಂಬ ಪದ ನಮಗೆ ಎರಡು ಕಡೆ ಸಿಗುತ್ತದೆ. ಚರಿತ್ರೆಯ ಪಾಠದಲ್ಲಿ ಮೈಸೂರಿನ ದಿವಾನ ಪೂರ್ಣಯ್ಯ, ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಎಂದು ಓದುತ್ತೇವೆ. ಉರ್ದು ತರಗತಿಗೆ ಹೋದರೆ ಅದೇ ಪದ 'ದೀವಾನೆ ಗಾಲಿಬ್' ಎಂದು ಗಝಲುಗಳ ಸಂಕಲನದ ಹೆಸರಾಗಿ ನಿಂತಿರುತ್ತದೆ. ಮಂತ್ರಿಗೂ ಕವನ ಸಂಕಲನಕ್ಕೂ ಎಲ್ಲಿಯ ಸಂಬಂಧ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಸಂಬಂಧವಿದೆ. ದಿವಾನ ಎಂದರೆ ಮೂಲದಲ್ಲಿ ದಾಖಲೆ ಪುಸ್ತಕ, ರಿಜಿಸ್ಟರ್. ಖಲೀಫ ಹಝ್ರತ್ ಉಮರ್(ರ) ಅವರ ಆಡಳಿತ ಕಾಲದಲ್ಲಿ (634-644) ಸೈನಿಕರ ಹೆಸರು, ಅವರ ಕುಲ, ಅವರಿಗೆ ಸಲ್ಲಬೇಕಾದ ಭತ್ಯೆ ಇವೆಲ್ಲವನ್ನು ಕ್ರಮವಾಗಿ ಬರೆದಿಡುವ ಏರ್ಪಾಡು ಬಂತು. ಆ ಪುಸ್ತಕವೇ ದಿವಾನ. ಮುಂದೆ ಪುಸ್ತಕ ಇಡುವ ಕಚೇರಿಯೂ ದಿವಾನವಾಯಿತು, ಕಚೇರಿಯ ಮುಖ್ಯಸ್ಥನೂ ದಿವಾನನಾದ, ಒಬ್ಬ ಕವಿಯ ಪದ್ಯಗಳೆಲ್ಲ ಒಂದೆಡೆ ಸೇರಿದರೆ ಅದೂ ದಿವಾನವೆನಿಸಿತು. ತಾಲೂಕು ಕಚೇರಿಯಲ್ಲಿ ನಾವು ಇಂದಿಗೂ ಬಳಸುವ ದಫ್ತರ, ಜಮಾಬಂದಿ, ನಕಲು ಮುಂತಾದ ಪದಗಳೂ ಇದೇ ಮನೆತನಕ್ಕೆ ಸೇರಿದವು.

ಒಂದು ಪದದ ಈ ಪಯಣದಲ್ಲಿ ಒಂದು ಸತ್ಯವಿದೆ. ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆಯೋ ಅಧಿಕಾರವೂ ಅವರ ಕೈಯಲ್ಲಿರುತ್ತದೆ. ಇಂದಿನ ದಿವಾನದ ಹೆಸರು ಡೇಟಾಬೇಸ್. ಕಳೆದ ಐವತ್ತು ವರ್ಷಗಳಲ್ಲಿ ಅದು ದೊಡ್ಡ ಕಂಪೆನಿಗಳ ಬೀಗದ ಕೋಣೆಯಿಂದ ಹೊರಬಂದು, ಯಾರು ಬೇಕಾದರೂ ಉಚಿತವಾಗಿ ಪಡೆದು ಬಳಸಬಹುದಾದ ಮುಕ್ತ ತಂತ್ರಾಂಶವಾಗಿ ಬೆಳೆದ ಕಥೆ ಬಹಳ ಸ್ವಾರಸ್ಯಕರವಾದುದು. ನಮ್ಮ ವಿದ್ಯಾರ್ಥಿಗಳ ಭವಿಷ್ಯಕ್ಕೂ ಅದಕ್ಕೂ ನೇರ ನಂಟಿದೆ. ಆದ್ದರಿಂದ ಆ ಕಥೆಯನ್ನು ಮೊದಲಿನಿಂದ ನೋಡೋಣ.

ತೂತಿನ ಕಾರ್ಡಿನಿಂದ ಕೋಷ್ಟಕಕ್ಕೆ

ಅಮೆರಿಕದಲ್ಲಿ 1880ರ ಜನಗಣತಿಯ ಲೆಕ್ಕವನ್ನು ಕೈಯಿಂದ ಕೂಡಿಸಿ ಮುಗಿಸಲು ಸುಮಾರು ಏಳೆಂಟು ವರ್ಷಗಳೇ ಹಿಡಿದವು. ಜನಸಂಖ್ಯೆ ಬೆಳೆಯುತ್ತಿದ್ದುದರಿಂದ ಮುಂದಿನ ಗಣತಿಯ ಲೆಕ್ಕ ಮುಗಿಯುವ ಮೊದಲೇ ಅದರ ಮುಂದಿನ ಗಣತಿ ಬಂದುಬಿಡಬಹುದೆಂಬ ಆತಂಕ ಹುಟ್ಟಿತು. ಆಗ ಹರ್ಮನ್ ಹಾಲರಿತ್ ಎಂಬ ಎಂಜಿನಿಯರ್ ಪ್ರತಿಯೊಬ್ಬರ ವಿವರವನ್ನು ಒಂದೊಂದು ರಟ್ಟಿನ ಕಾರ್ಡಿನಲ್ಲಿ ತೂತುಗಳ ರೂಪದಲ್ಲಿ ಗುರುತಿಸಿ, ಆ ತೂತುಗಳನ್ನು ವಿದ್ಯುತ್ ಯಂತ್ರ ಎಣಿಸುವ ವಿಧಾನ ಕಂಡುಹಿಡಿದರು. 1890ರ ಗಣತಿಯಲ್ಲಿ ಆರು ಕೋಟಿಗೂ ಹೆಚ್ಚು ಜನರ ಲೆಕ್ಕ ಈ ಯಂತ್ರಗಳ ಮೂಲಕ ನಡೆಯಿತು. ಹಾಲರಿತ್ ಅವರ ಕಂಪೆನಿ 1911ರಲ್ಲಿ ಬೇರೆ ಕಂಪೆನಿಗಳೊಡನೆ ವಿಲೀನವಾಯಿತು. ಹಾಗೆ ಹುಟ್ಟಿದ ಸಂಸ್ಥೆ 1924ರಲ್ಲಿ ಐಬಿಎಂ ಎಂಬ ಹೆಸರು ತಳೆಯಿತು.

1960ರ ದಶಕದ ವೇಳೆಗೆ ಗಣಕಯಂತ್ರಗಳಲ್ಲಿ ಮಾಹಿತಿಯನ್ನು ಟೇಪು ಮತ್ತು ಡಿಸ್ಕುಗಳಲ್ಲಿ ಇಡುತ್ತಿದ್ದರು. ಚಂದ್ರಯಾನದ ಅಪೋಲೋ ಯೋಜನೆಯ ಅಸಂಖ್ಯಾತ ಬಿಡಿಭಾಗಗಳ ಲೆಕ್ಕ ಇಡಲೆಂದು ಹುಟ್ಟಿದ ಐಬಿಎಂನ 'ಐಎಂಎಸ್' ಆ ಕಾಲದ ಹೆಸರಾಂತ ವ್ಯವಸ್ಥೆ. ಅದರಲ್ಲಿ ಮಾಹಿತಿ ವಂಶವೃಕ್ಷದ ರೀತಿಯಲ್ಲಿರುತ್ತಿತ್ತು. ಮೇಲಿನಿಂದ ಕೆಳಗೆ, ಕೊಂಬೆಯಿಂದ ರೆಂಬೆಗೆ ಇಳಿದೇ ಹುಡುಕಬೇಕು. ನಮ್ಮ ಶಾಲೆಯ ದಾಖಲಾತಿ ಪುಸ್ತಕವನ್ನೇ ನೆನಪಿಸಿಕೊಳ್ಳಿ. ಅದು ತರಗತಿವಾರು ಇದ್ದರೆ ಏಳನೇ ತರಗತಿಯ ಮಕ್ಕಳನ್ನು ಕೂಡಲೇ ಹೇಳಬಹುದು. ಆದರೆ ಒಂದು ನಿರ್ದಿಷ್ಟ ಹಳ್ಳಿಯಿಂದ ಬರುವ ಮಕ್ಕಳು ಎಷ್ಟು ಎಂದು ಕೇಳಿದರೆ ಪ್ರತಿ ಪುಟವನ್ನೂ ತಿರುವಬೇಕು.

ಈ ತೊಡಕನ್ನು ಬಿಡಿಸಿದವರು ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿ, ಎರಡನೇ ಮಹಾಯುದ್ಧದಲ್ಲಿ ವಿಮಾನ ಚಾಲಕರಾಗಿದ್ದು, ಮುಂದೆ ಅಮೆರಿಕದಲ್ಲಿ ಐಬಿಎಂ ಸೇರಿದ ಗಣಿತಜ್ಞ. 1970ರ ಜೂನ್ ತಿಂಗಳಲ್ಲಿ ಅವರು ಪ್ರಕಟಿಸಿದ ಪ್ರಬಂಧ ಡೇಟಾಬೇಸ್ ಚರಿತ್ರೆಯ ತಿರುವು. ಎಲ್ಲ ಮಾಹಿತಿಯನ್ನೂ ಸರಳ ಕೋಷ್ಟಕಗಳಲ್ಲಿ ಇಡಿ. ಅದು ಯಂತ್ರದೊಳಗೆ ಎಲ್ಲಿದೆ, ಯಾವ ದಾರಿಯಲ್ಲಿ ಹೋಗಬೇಕು ಎಂಬುದು ಬಳಸುವವನಿಗೆ ಬೇಡ. ಏನು ಬೇಕೋ ಅದನ್ನು ಮಾತ್ರ ಕೇಳಿದರೆ ಸಾಕು ಎಂಬುದು ಅವರ ವಾದದ ಸಾರ. ಇದಕ್ಕೆ ಅವರು ಆಧಾರವಾಗಿ ಇಟ್ಟುಕೊಂಡದ್ದು ಗಣ ಸಿದ್ಧಾಂತ ಮತ್ತು ಸಂಬಂಧಗಳ ಗಣಿತ. ಪ್ರಥಮ ಪಿಯುಸಿಯಲ್ಲಿ ಗಣಿತ ಓದುವ ವಿದ್ಯಾರ್ಥಿಗಳೇ, ನೀವು ಮೊದಲ ಎರಡು ಅಧ್ಯಾಯಗಳಲ್ಲಿ ಕಲಿಯುವ 'ಗಣಗಳು', 'ಸಂಬಂಧಗಳು ಮತ್ತು ಉತ್ಪನ್ನಗಳು' ಎಂಬ ಪಾಠಗಳೇ ಜಗತ್ತಿನ ಬ್ಯಾಂಕುಗಳ ಲೆಕ್ಕವನ್ನು ಇಂದು ಹೊತ್ತು ನಿಂತಿವೆ ಎಂದರೆ ತಪ್ಪಾಗಲಾರದು.

ಬೀಗ ಮತ್ತು ಬೆಲೆ

ಐಎಂಎಸ್ ಮಾರಾಟದಿಂದ ಒಳ್ಳೆಯ ಆದಾಯವಿದ್ದ ಐಬಿಎಂ ತನ್ನ ನೌಕರನ ಈ ಹೊಸ ವಿಚಾರಕ್ಕೆ ಆತುರ ತೋರಲಿಲ್ಲ. ಆದರೆ ಪ್ರಬಂಧ ಪ್ರಕಟವಾಗಿತ್ತು, ಓದುವವರು ಓದಿದರು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್ 1973ರ ವೇಳೆಗೆ 'ಇಂಗ್ರೆಸ್' ಎಂಬ ವ್ಯವಸ್ಥೆ ಕಟ್ಟತೊಡಗಿದರು. ಐಬಿಎಂನಲ್ಲೇ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಕೋಷ್ಟಕಗಳನ್ನು ಪ್ರಶ್ನಿಸುವ ಒಂದು ಸರಳ ಭಾಷೆ ರೂಪಿಸಿದರು. ಅದೇ ಇಂದಿನ 'ಎಸ್‌ಕ್ಯೂಎಲ್'. ಲ್ಯಾರಿ ಎಲಿಸನ್ ಮತ್ತು ಇಬ್ಬರು ಗೆಳೆಯರು 1977ರಲ್ಲಿ ಸ್ಥಾಪಿಸಿದ ಪುಟ್ಟ ಕಂಪೆನಿ 1979ರಲ್ಲಿ 'ಒರೇಕಲ್' ಎಂಬ ಡೇಟಾಬೇಸನ್ನು ಮಾರುಕಟ್ಟೆಗೆ ಬಿಟ್ಟಿತು. ಐಬಿಎಂನ ಡಿಬಿ2 ಬಂದದ್ದು 1983ರಲ್ಲಿ. ವಿಚಾರ ಹುಟ್ಟಿದ ಮನೆಗಿಂತ ಮೊದಲು ಪ್ರಬಂಧ ಓದಿದ ಮನೆ ಅದನ್ನು ಮಾರಿ ಶ್ರೀಮಂತವಾಯಿತು.

ಈ ಡೇಟಾಬೇಸುಗಳ ಹೆಚ್ಚುಗಾರಿಕೆ ಅವುಗಳ ನಂಬಿಕಸ್ತಿಕೆ. ನಿಮ್ಮ ಖಾತೆಯಿಂದ 500 ರೂಪಾಯಿ ಕಳೆದು ತಮ್ಮನ ಖಾತೆಗೆ ಸೇರಿಸುವ ನಡುವೆ ಕರೆಂಟು ಹೋಯಿತೆನ್ನಿ. ಎರಡೂ ಕೆಲಸ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಅರ್ಧಕ್ಕೆ ನಿಲ್ಲಬಾರದು. ಈ ಶಿಸ್ತನ್ನು 'ವಹಿವಾಟು' ಎಂಬ ಕಲ್ಪನೆಯಾಗಿ ಬೆಳೆಸಿದ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಕಾಡ್ ಅವರಿಗೆ ಅದೇ ಪ್ರಶಸ್ತಿ 1981ರಲ್ಲೇ ಬಂದಿತ್ತು.

ಆದರೆ ಈ ಗಟ್ಟಿ ಪೆಟ್ಟಿಗೆಗೆ ಬೀಗವಿತ್ತು. ಕೀಲಿಕೈ ಕಂಪೆನಿಯ ಬಳಿಯಿತ್ತು. ತಂತ್ರಾಂಶ ಒಳಗೆ ಹೇಗೆ ಬರೆಯಲ್ಪಟ್ಟಿದೆ ಎಂದು ಕೊಂಡವರು ನೋಡುವಂತಿರಲಿಲ್ಲ. ಲೈಸೆನ್ಸ್ ಶುಲ್ಕ, ವರ್ಷ ವರ್ಷ ನಿರ್ವಹಣೆಯ ಶುಲ್ಕ, ಯಂತ್ರ ದೊಡ್ಡದಾದಷ್ಟೂ ಹೆಚ್ಚು ಶುಲ್ಕ. ಒಮ್ಮೆ ಒಂದು ಕಂಪೆನಿಯ ವ್ಯವಸ್ಥೆಗೆ ಒಗ್ಗಿಕೊಂಡರೆ ಬಿಟ್ಟು ಬರುವುದೂ ಕಷ್ಟ. ಬಡ ದೇಶದ ಕಾಲೇಜೊಂದರ ವಿದ್ಯಾರ್ಥಿಗೆ ಇದು ಪುಸ್ತಕದಲ್ಲಿ ಓದುವ ವಿಷಯವೇ ಹೊರತು ಕೈಯಾರೆ ಮಾಡಿ ನೋಡುವ ವಿಷಯವಾಗಿರಲಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಧಾರೆಯೂ ಹರಿಯುತ್ತಿತ್ತು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆ, ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್, 1995ರ ಮೈಎಸ್‌ಕ್ಯೂಎಲ್, ಬರ್ಕ್ಲಿಯ ಸಂಶೋಧನೆಯಿಂದ ಹುಟ್ಟಿ 1996ರಲ್ಲಿ ಈ ಹೆಸರು ಪಡೆದ ಪೋಸ್ಟ್‌ಗ್ರೆಎಸ್‌ಕ್ಯೂಎಲ್, 1999ರ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಇವೆಲ್ಲವೂ ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತಿದ್ದವು. ತಂತ್ರಾಂಶದ ಮೂಲ ಬರಹ ಎಲ್ಲರಿಗೂ ತೆರೆದಿರಲಿ. ಓದಲಿ, ತಿದ್ದಲಿ, ಹಂಚಲಿ ಎಂಬುದೇ ಆ ಮಾತು.

ಪ್ರವಾಹ ಬಂದಾಗ

2000ದ ಸುಮಾರಿಗೆ ಅಂತರ್ಜಾಲದ ಹುಡುಕು ತಾಣಗಳ ಮುಂದೆ ಹೊಸ ಸಮಸ್ಯೆ ಬಂದು ನಿಂತಿತು. ಜಗತ್ತಿನ ಕೋಟ್ಯಂತರ ಪುಟಗಳನ್ನು ಸಂಗ್ರಹಿಸಿ, ಪ್ರತಿ ಪದವೂ ಎಲ್ಲೆಲ್ಲಿದೆ ಎಂಬ ಸೂಚಿ ತಯಾರಿಸಬೇಕು. ಸಾಂಪ್ರದಾಯಿಕ ಡೇಟಾಬೇಸ್ ಕುಳಿತುಕೊಳ್ಳುತ್ತಿದ್ದುದು ಸಾಮಾನ್ಯವಾಗಿ ಒಂದೇ ದೊಡ್ಡ ಯಂತ್ರದಲ್ಲಿ. ಮಾಹಿತಿ ಹೆಚ್ಚಾದರೆ ಇನ್ನೂ ದೊಡ್ಡ ಯಂತ್ರ ಕೊಳ್ಳಬೇಕು. ಯಂತ್ರ ಎರಡು ಪಟ್ಟು ಶಕ್ತಿಯದಾದರೆ ಬೆಲೆ ಎರಡು ಪಟ್ಟಿಗೆ ನಿಲ್ಲುವುದಿಲ್ಲ. ಕೊನೆಗೆ, ಎಷ್ಟು ಹಣ ಕೊಟ್ಟರೂ ಇದಕ್ಕಿಂತ ದೊಡ್ಡ ಯಂತ್ರ ಇಲ್ಲ ಎಂಬ ಗೋಡೆ ಬರುತ್ತದೆ.

ಇದಕ್ಕೆ ಸಿಕ್ಕ ಉತ್ತರ ನಮ್ಮ ಶಿಕ್ಷಕರಿಗೆ ಚೆನ್ನಾಗಿ ಗೊತ್ತಿರುವಂಥದೇ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಲಕ್ಷಾಂತರ ಉತ್ತರ ಪತ್ರಿಕೆಗಳನ್ನು ನಾವು ಹೇಗೆ ಮೌಲ್ಯಮಾಪನ ಮಾಡುತ್ತೇವೆ? ಮಹಾ ಪಂಡಿತನೊಬ್ಬನನ್ನು ಕೂರಿಸಿ ಎಲ್ಲವನ್ನೂ ಅವನ ಮುಂದೆ ರಾಶಿ ಹಾಕುವುದಿಲ್ಲ. ಜಿಲ್ಲೆ ಜಿಲ್ಲೆಗಳ ಕೇಂದ್ರಗಳಿಗೆ ಕಟ್ಟುಗಳನ್ನು ಹಂಚುತ್ತೇವೆ. ಸಾವಿರಾರು ಸಾಮಾನ್ಯ ಶಿಕ್ಷಕರು ತಮ್ಮ ತಮ್ಮ ಕಟ್ಟನ್ನು ಒಂದೇ ಹೊತ್ತಿಗೆ ತಿದ್ದುತ್ತಾರೆ. ಒಬ್ಬ ಶಿಕ್ಷಕ ರಜೆ ಹಾಕಿದರೆ ಅವನ ಕಟ್ಟು ಪಕ್ಕದವನಿಗೆ ಹೋಗುತ್ತದೆ, ಕೆಲಸ ನಿಲ್ಲುವುದಿಲ್ಲ. ಕೊನೆಯಲ್ಲಿ ಎಲ್ಲ ಅಂಕಪಟ್ಟಿಗಳೂ ಒಂದೆಡೆ ಸೇರಿ ರಾಜ್ಯದ ಫಲಿತಾಂಶ ಸಿದ್ಧವಾಗುತ್ತದೆ.

ಗೂಗಲ್ ಮಾಡಿದ್ದು ಇದನ್ನೇ. ಸಾವಿರಾರು ಅಗ್ಗದ, ಸಾಮಾನ್ಯ ಗಣಕಯಂತ್ರಗಳನ್ನು ಜೋಡಿಸಿತು. ಮಾಹಿತಿಯನ್ನು ತುಂಡು ಮಾಡಿ, ಪ್ರತಿ ತುಂಡಿನ ಮೂರು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇಟ್ಟಿತು. ಒಂದು ಯಂತ್ರ ಕೆಟ್ಟರೂ ಇನ್ನೆರಡು ಪ್ರತಿ ಇರುತ್ತವೆ. ಪ್ರತಿ ಯಂತ್ರವೂ ತನ್ನ ಬಳಿ ಇರುವ ತುಂಡನ್ನು ತಾನೇ ಎಣಿಸುವ ಹಂತಕ್ಕೆ 'ಮ್ಯಾಪ್' ಎಂದೂ, ಆ ಎಣಿಕೆಗಳನ್ನು ಒಟ್ಟುಗೂಡಿಸುವ ಹಂತಕ್ಕೆ 'ರೆಡ್ಯೂಸ್' ಎಂದೂ ಹೆಸರಾಯಿತು. ಮುಖ್ಯ ಸಂಗತಿಯೆಂದರೆ ಗೂಗಲ್ ಇದರ ವಿವರವನ್ನು ಬಚ್ಚಿಡಲಿಲ್ಲ. ತನ್ನ ಕಡತ ವ್ಯವಸ್ಥೆಯ ಪ್ರಬಂಧವನ್ನು 2003ರಲ್ಲೂ, ಜೆಫ್ ಡೀನ್ ಮತ್ತು ಸಂಜಯ್ ಘೇಮಾವತ್ ಬರೆದ ಮ್ಯಾಪ್‌ರೆಡ್ಯೂಸ್ ಪ್ರಬಂಧವನ್ನು 2004ರಲ್ಲೂ ಪ್ರಕಟಿಸಿತು. ತಂತ್ರಾಂಶವನ್ನು ತನ್ನಲ್ಲೇ ಇಟ್ಟುಕೊಂಡಿತು, ವಿಚಾರವನ್ನು ಮಾತ್ರ ಜಗತ್ತಿಗೆ ಕೊಟ್ಟಿತು.

ಹಳದಿ ಆನೆಯ ಹೆಜ್ಜೆ

ಆಗ ಡಗ್ ಕಟಿಂಗ್ ಮತ್ತು ಮೈಕ್ ಕಫರೆಲ್ಲಾ ಎಂಬ ಇಬ್ಬರು 2002ರಿಂದ 'ನಚ್' ಎಂಬ ಮುಕ್ತ ಹುಡುಕು ವ್ಯವಸ್ಥೆ ಕಟ್ಟಲು ಹೆಣಗುತ್ತಿದ್ದರು. ಗೂಗಲ್‌ನ ಪ್ರಬಂಧಗಳು ಅವರ ಕೈಗೆ ಸಿಕ್ಕವು. ಅವುಗಳನ್ನು ಓದಿ, ಅದೇ ವಿಚಾರಗಳನ್ನು ತಾವೇ ಹೊಸದಾಗಿ ಬರೆದು ಮುಕ್ತ ತಂತ್ರಾಂಶವಾಗಿ ಎಲ್ಲರ ಮುಂದಿಟ್ಟರು. 2006ರ ಆರಂಭದಲ್ಲಿ ಕಟಿಂಗ್ ಯಾಹೂ ಕಂಪೆನಿ ಸೇರಿದರು. ಈ ಭಾಗ 'ಹಡೂಪ್' ಎಂಬ ಪ್ರತ್ಯೇಕ ಯೋಜನೆಯಾಯಿತು. ಹಡೂಪ್ ಎಂಬುದು ಅವರ ಪುಟ್ಟ ಮಗ ತನ್ನ ಹಳದಿ ಆನೆಯ ಬೊಂಬೆಗೆ ಇಟ್ಟಿದ್ದ ಹೆಸರು.

ಯಾಹೂ ತನ್ನ ಎಂಜಿನಿಯರುಗಳನ್ನು ಈ ಕೆಲಸಕ್ಕೆ ಹಚ್ಚಿತು. ಅವರಲ್ಲಿ ಬೆಂಗಳೂರಿನ ಯಾಹೂ ಸಂಶೋಧನಾ ಕೇಂದ್ರದವರೂ ಇದ್ದರೆಂಬುದು ನಾವು ಹೆಮ್ಮೆ ಪಡಬೇಕಾದ ವಿಷಯ. 2008ರ ಫೆಬ್ರವರಿಯಲ್ಲಿ ಯಾಹೂ ತನ್ನ ಹುಡುಕು ಸೂಚಿಯ ಕೆಲಸವನ್ನು ಹತ್ತು ಸಾವಿರ ಪ್ರೊಸೆಸರ್ ಕೋರ್‌ಗಳ ಹಡೂಪ್ ಜೋಡಣೆಯ ಮೇಲೆ ನಡೆಸುತ್ತಿರುವುದಾಗಿ ಪ್ರಕಟಿಸಿತು. ಅದೇ ವರ್ಷ 910 ಯಂತ್ರಗಳು ಸೇರಿ ಒಂದು ಟೆರಾಬೈಟ್, ಅಂದರೆ ಸುಮಾರು ಸಾವಿರ ಗಿಗಾಬೈಟ್ ಮಾಹಿತಿಯನ್ನು ಕೇವಲ 209 ಸೆಕೆಂಡುಗಳಲ್ಲಿ ಕ್ರಮವಾಗಿ ಜೋಡಿಸಿ ದಾಖಲೆ ಮಾಡಿದವು.

ದೊಡ್ಡ ಯಂತ್ರಾಗಾರ ಇಲ್ಲದವರಿಗೂ ಇದು ದಾರಿ ತೆರೆಯಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2007ರಲ್ಲಿ ತನ್ನ ಹಳೆಯ ಸಂಚಿಕೆಗಳ ಸುಮಾರು 1.1 ಕೋಟಿ ಲೇಖನಗಳ ಚಿತ್ರಗಳನ್ನು ಓದಲು ಅನುಕೂಲವಾದ ಪಿಡಿಎಫ್ ಕಡತಗಳಾಗಿ ಬದಲಿಸಬೇಕಾಗಿತ್ತು. ಅಮೆಜಾನ್‌ನಿಂದ ನೂರು ಯಂತ್ರಗಳನ್ನು ಬಾಡಿಗೆಗೆ ಪಡೆದು, ಅವುಗಳಲ್ಲಿ ಹಡೂಪ್ ಓಡಿಸಿ, ಸುಮಾರು ಒಂದು ದಿನದಲ್ಲಿ ಕೆಲಸ ಮುಗಿಸಿದರು. ಯಂತ್ರ ಬಾಡಿಗೆಯದು, ತಂತ್ರಾಂಶ ಉಚಿತ, ಜ್ಞಾನ ಮಾತ್ರ ಸ್ವಂತದ್ದು.

ಒಂದು ಸ್ಥಳಾಂತರದ ಕಥೆ

ಹಳೆಯ ಡೇಟಾಬೇಸಿನಿಂದ ಹೊಸ ವೇದಿಕೆಗೆ ಹೋಗುವುದು ಹೇಗಿರುತ್ತದೆ ಎಂಬುದಕ್ಕೆ ಫೇಸ್‌ಬುಕ್ ಒಳ್ಳೆಯ ಉದಾಹರಣೆ. 2008ಕ್ಕೆ ಮೊದಲು ಆ ಕಂಪೆನಿ ತನ್ನ ಬಳಕೆದಾರರ ಅಂಕಿಅಂಶಗಳ ವಿಶ್ಲೇಷಣೆಯನ್ನು ಹಣ ಕೊಟ್ಟು ಕೊಂಡ ವಾಣಿಜ್ಯ ಡೇಟಾಬೇಸಿನಲ್ಲೇ ನಡೆಸುತ್ತಿತ್ತು. 2007ರಲ್ಲಿ 15 ಟೆರಾಬೈಟ್ ಇದ್ದ ಸಂಗ್ರಹ ಎರಡು ಮೂರು ವರ್ಷಗಳಲ್ಲಿ 700 ಟೆರಾಬೈಟಿಗೆ ಏರಿತು. ದಿನಕ್ಕೊಮ್ಮೆ ಮುಗಿಯಬೇಕಾದ ಕೆಲವು ಲೆಕ್ಕಗಳು ಒಂದು ದಿನಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳತೊಡಗಿದವು. ಇಂದಿನ ಹಾಜರಿಯನ್ನು ನಾಳೆ ಸಂಜೆಯವರೆಗೂ ಕೂಡಿಸುತ್ತಿದ್ದರೆ ನಾಳೆಯ ಹಾಜರಿಯನ್ನು ಕೂಡಿಸುವುದು ಯಾವಾಗ?

ಆದ್ದರಿಂದ ಅವರು ಹಡೂಪ್‌ಗೆ ಬಂದರು. ಕೆಲವು ಲೆಕ್ಕಗಳು ಗಂಟೆಗಳಲ್ಲಿ ಮುಗಿಯತೊಡಗಿದವು. ಆದರೆ ಹೊಸ ತೊಂದರೆ ಎದುರಾಯಿತು. ಹಳೆಯ ವ್ಯವಸ್ಥೆಯಲ್ಲಿ ಎಸ್‌ಕ್ಯೂಎಲ್‌ನ ಒಂದೆರಡು ಸಾಲು ಬರೆದರೆ ಸಿಗುತ್ತಿದ್ದ ಉತ್ತರಕ್ಕೆ ಇಲ್ಲಿ ಉದ್ದನೆಯ ಪ್ರೋಗ್ರಾಮ್ ಬರೆಯಬೇಕಿತ್ತು. ಎಲ್ಲರೂ ಪ್ರೋಗ್ರಾಮರುಗಳಲ್ಲವಲ್ಲ! ಆಗ ಜಯದೀಪ್ ಸೇನ್ ಶರ್ಮ, ಆಶಿಶ್ ಥುಸೂ ಮುಂತಾದ ಎಂಜಿನಿಯರುಗಳು 'ಹೈವ್' ಎಂಬ ಪದರವೊಂದನ್ನು ಕಟ್ಟಿದರು. ಬಳಸುವವರು ತಮಗೆ ಗೊತ್ತಿದ್ದ ಎಸ್‌ಕ್ಯೂಎಲ್ ಮಾದರಿಯಲ್ಲೇ ಪ್ರಶ್ನೆ ಬರೆದರೆ ಸಾಕು. ಹೈವ್ ಅದನ್ನು ಮ್ಯಾಪ್‌ರೆಡ್ಯೂಸ್ ಕೆಲಸಗಳಾಗಿ ಅನುವಾದಿಸುತ್ತಿತ್ತು. 2008ರಲ್ಲಿ ಅದನ್ನೂ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದರು. ಅದೇ ವರ್ಷ ಅದೇ ಕಂಪೆನಿಯ ಅವಿನಾಶ್ ಲಕ್ಷ್ಮಣ್ ಮತ್ತು ಪ್ರಶಾಂತ್ ಮಲಿಕ್ ಕಟ್ಟಿದ 'ಕಸಾಂಡ್ರಾ' ಕೂಡ ಹೊರಬಂತು.

ಮುಂದೆ ಬೇರೆಯವರೂ ಇದೇ ಹಾದಿ ಹಿಡಿದರು. ಲಿಂಕ್ಡ್‌ಇನ್ ಕಂಪೆನಿ 2011ರಲ್ಲಿ 'ಕಾಫ್ಕಾ'ವನ್ನು ಮುಕ್ತಗೊಳಿಸಿತು. ಅದನ್ನು ಕಟ್ಟಿದ ಮೂವರಲ್ಲಿ ಪುಣೆಯ ನೇಹಾ ನಾರ್ಖೇಡೆ ಒಬ್ಬರು ಎಂಬುದನ್ನು ನಮ್ಮ ವಿದ್ಯಾರ್ಥಿನಿಯರು ಗಮನಿಸಬೇಕು. ಬರ್ಕ್ಲಿಯಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಮಾತೇಯಿ ಝಹಾರಿಯಾ 2009ರಲ್ಲಿ 'ಸ್ಪಾರ್ಕ್' ಆರಂಭಿಸಿದರು. ಹಡೂಪ್ ಪ್ರತಿ ಹಂತದಲ್ಲೂ ಡಿಸ್ಕಿಗೆ ಬರೆದು ಮತ್ತೆ ಓದುತ್ತಿದ್ದರೆ, ಸ್ಪಾರ್ಕ್ ಸಾಧ್ಯವಾದಷ್ಟನ್ನು ಯಂತ್ರದ ಸ್ಮೃತಿಯಲ್ಲೇ ಇಟ್ಟುಕೊಳ್ಳುತ್ತದೆ. ಹಡೂಪ್ ಸುಮಾರು 2,100 ಯಂತ್ರಗಳಲ್ಲಿ ನೂರು ಟೆರಾಬೈಟ್‌ಗಿಂತ ತುಸು ಹೆಚ್ಚಿನ ಮಾಹಿತಿಯನ್ನು 72 ನಿಮಿಷಗಳಲ್ಲಿ ಜೋಡಿಸಿದ್ದರೆ, 2014ರಲ್ಲಿ ಸ್ಪಾರ್ಕ್ 206 ಯಂತ್ರಗಳಲ್ಲೇ ನೂರು ಟೆರಾಬೈಟನ್ನು 23 ನಿಮಿಷಗಳಲ್ಲಿ ಜೋಡಿಸಿ ತೋರಿಸಿತು.

ಹಳೆಯ ಶಿಸ್ತು ಮರಳಿ ಬಂತು

ಇಷ್ಟು ಓದಿದ ಮೇಲೆ ಹಳೆಯ ಡೇಟಾಬೇಸುಗಳ ಕಾಲ ಮುಗಿಯಿತೆಂದು ನೀವು ಭಾವಿಸಬಹುದು. 2009ರ ಸುಮಾರಿಗೆ 'ನೋಎಸ್‌ಕ್ಯೂಎಲ್' ಎಂಬ ಘೋಷಣೆ ಹುಟ್ಟಿದಾಗ ಅನೇಕರು ಹಾಗೆಯೇ ಭಾವಿಸಿದ್ದರು. ಆದರೆ ಚರಿತ್ರೆ ಹಾಗೆ ನೇರ ಗೆರೆಯಲ್ಲಿ ನಡೆಯುವುದಿಲ್ಲ. 2008ರ ಜನವರಿಯಲ್ಲಿಯೇ ಹಿರಿಯರಾದ ಡೇವಿಡ್ ಡಿವಿಟ್ ಮತ್ತು ಮೈಕೇಲ್ ಸ್ಟೋನ್‌ಬ್ರೇಕರ್, ಮ್ಯಾಪ್‌ರೆಡ್ಯೂಸ್ ಎಂಬುದು ಹಿಂದಕ್ಕೆ ಇಟ್ಟ ದೊಡ್ಡ ಹೆಜ್ಜೆ ಎಂದು ಟೀಕಿಸಿದ್ದರು. ಮಾಹಿತಿಗೆ ನಿಗದಿತ ರಚನೆ ಬೇಡವೇ, ಸೂಚಿ ಬೇಡವೇ, ನಲವತ್ತು ವರ್ಷಗಳ ಪಾಠವನ್ನು ಮರೆಯುವುದೇ ಎಂಬುದು ಅವರ ಪ್ರಶ್ನೆ. ಅಂದು ಹೊಸಬರಿಗೆ ಈ ಮಾತು ರುಚಿಸಲಿಲ್ಲ.

ಆದರೆ ಅನೇಕ ಕಡೆ ಮಾಹಿತಿಯನ್ನೆಲ್ಲ ತಂದು ಹೊಸ ಸಂಗ್ರಹಕ್ಕೆ ಸುರಿದದ್ದೇ ಆಯಿತು. ಯಾವುದು ಏನು, ಯಾರು ತಂದದ್ದು, ಯಾವುದು ಸರಿ ಎಂದು ಬರೆದಿಡುವವರಿಲ್ಲದೆ 'ಮಾಹಿತಿ ಸರೋವರ' ಎಂದು ಕರೆದದ್ದು ಕೆಸರಿನ ಹೊಂಡವಾಯಿತು. ಆಗ ಹಳೆಯ ಶಿಸ್ತು ಒಂದೊಂದಾಗಿ ಮರಳಿ ಬಂತು. ಹೈವ್ ಮೂಲಕ ಎಸ್‌ಕ್ಯೂಎಲ್ ಬಂದದ್ದನ್ನು ನೋಡಿದೆವು. ಸ್ಪಾರ್ಕ್‌ಗೂ 2014ರಲ್ಲಿ ಎಸ್‌ಕ್ಯೂಎಲ್ ಬಂತು. ಗೂಗಲ್ 2012ರಲ್ಲಿ ಪ್ರಕಟಿಸಿದ 'ಸ್ಪ್ಯಾನರ್' ವ್ಯವಸ್ಥೆ ಸಾವಿರಾರು ಯಂತ್ರಗಳ ನಡುವೆಯೂ ವಹಿವಾಟಿನ ಶಿಸ್ತನ್ನು ಉಳಿಸಿಕೊಂಡಿತು. ಊಬರ್ ಕಂಪೆನಿಯ 'ಹೂಡಿ', ನೆಟ್‌ಫ್ಲಿಕ್ಸ್‌ನ 'ಐಸ್‌ಬರ್ಗ್' ಎಂಬ ಮುಕ್ತ ಯೋಜನೆಗಳು ಬಿಗ್ ಡೇಟಾದ ಸಾಮಾನ್ಯ ಕಡತಗಳಿಗೆ ಮತ್ತೆ ಕೋಷ್ಟಕದ ರೂಪ ಕೊಟ್ಟವು. ಹಡೂಪನ್ನೇ ನಂಬಿ ಹುಟ್ಟಿದ ಕ್ಲೌಡೆರಾ ಮತ್ತು ಹಾರ್ಟನ್‌ವರ್ಕ್ಸ್ ಎಂಬ ಎರಡು ಪ್ರತಿಸ್ಪರ್ಧಿ ಕಂಪೆನಿಗಳು 2019ರ ಜನವರಿಯಲ್ಲಿ ಒಂದಾದವು. ಬೆಂಗಳೂರಿನ ಇನ್‌ಮೋಬಿ ಕಂಪೆನಿಯಲ್ಲಿ ಹುಟ್ಟಿ ಅಪಾಚೆಯ ಮನೆ ಸೇರಿದ 'ಫಾಲ್ಕನ್' ಯೋಜನೆ 2019ರಲ್ಲಿ ನಿವೃತ್ತವಾಯಿತು. ಆದರೆ ಕಾಡ್ ಅವರ ಕೋಷ್ಟಕ ಐದು ದಶಕಗಳ ನಂತರವೂ ನಿವೃತ್ತವಾಗಿಲ್ಲ.

ಹಾಗಾದರೆ ಸ್ಥಳಾಂತರ ಯಾರಿಗೆ ಬೇಕು? ಮಾಹಿತಿ ಒಂದು ಯಂತ್ರದಲ್ಲಿ ಹಿಡಿಸದಷ್ಟಾದಾಗ, ಅದು ಕೋಷ್ಟಕಕ್ಕೆ ಒಗ್ಗದ ಚಿತ್ರ, ಧ್ವನಿ, ಬರಹಗಳ ರಾಶಿಯಾದಾಗ ಹೊಸ ವೇದಿಕೆ ಬೇಕು. ಐನೂರು ಮಕ್ಕಳ ಶಾಲೆಗೆ, ಒಂದು ಊರಿನ ಸಹಕಾರ ಸಂಘಕ್ಕೆ ಹಡೂಪ್ ಬೇಕಿಲ್ಲ. ಅವಕ್ಕೆ ಮುಕ್ತವೂ ಉಚಿತವೂ ಆದ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಧಾರಾಳವಾಗಿ ಸಾಕು. ನೆರೆಮನೆಯವರು ಲಾರಿ ಕೊಂಡರೆಂದು ನಾವು ಸೈಕಲ್ ಮಾರಬೇಕಾಗಿಲ್ಲ.

ಬೆಂಗಳೂರಿನಲ್ಲಿ ಬಿಗ್ ಡೇಟಾ

ನಮ್ಮ ದೇಶದಲ್ಲಿ ಈ ವೇದಿಕೆಗಳ ಅತಿ ದೊಡ್ಡ ಪ್ರಯೋಗ ಆಧಾರ್. ವಿಶಿಷ್ಟ ಗುರುತಿನ ಪ್ರಾಧಿಕಾರ 2009ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನಲ್ಲೇ ಹುಟ್ಟಿದ ನಂದನ್ ನಿಲೇಕಣಿ ಅದರ ಮೊದಲ ಅಧ್ಯಕ್ಷರಾದರು. ತಂತ್ರಜ್ಞಾನ ಕೇಂದ್ರವೂ ಬೆಂಗಳೂರಿನಲ್ಲೇ ನೆಲೆಗೊಂಡಿತು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ತೆಂಭ್ಲಿ ಎಂಬ ಹಳ್ಳಿಯಲ್ಲಿ ಮೊದಲ ಆಧಾರ್ ಸಂಖ್ಯೆ ನೀಡಲಾಯಿತು. 2016ರ ಏಪ್ರಿಲ್ ವೇಳೆಗೆ ಸಂಖ್ಯೆ ನೂರು ಕೋಟಿ ದಾಟಿತು. ಹೊಸದಾಗಿ ಹೆಸರು ಬರೆಸಿದ ಪ್ರತಿಯೊಬ್ಬರ ಬೆರಳಚ್ಚು, ಕಣ್ಣಿನ ಪಾಪೆಯ ಗುರುತುಗಳನ್ನು ಈಗಾಗಲೇ ಇರುವ ಎಲ್ಲರ ಗುರುತುಗಳೊಡನೆ ಹೋಲಿಸಿ, ಒಬ್ಬರಿಗೆ ಎರಡು ಸಂಖ್ಯೆ ಹೋಗದಂತೆ ನೋಡಬೇಕು. ಈ ಮಹಾ ಲೆಕ್ಕಕ್ಕೆ ಪ್ರಾಧಿಕಾರ ಒಂದೇ ಕಂಪೆನಿಯ ಬೀಗಕ್ಕೆ ಸಿಲುಕದಂತೆ ಹಡೂಪ್, ಎಚ್‌ಬೇಸ್, ಮೈಎಸ್‌ಕ್ಯೂಎಲ್ ಮುಂತಾದ ಮುಕ್ತ ತಂತ್ರಾಂಶಗಳನ್ನೂ ಸಾಮಾನ್ಯ ಯಂತ್ರಗಳನ್ನೂ ಆರಿಸಿಕೊಂಡಿತು. ಇಲ್ಲಿ ಹಳೆಯ ಮಾದರಿಯ ಡೇಟಾಬೇಸೂ ಹೊಸ ವೇದಿಕೆಯೂ ಜೊತೆಜೊತೆಯಾಗಿ ದುಡಿದದ್ದನ್ನು ಗಮನಿಸಿ.

ಮಾಹಿತಿಯೂ ಒಂದು ಅಮಾನತ್

ಇಲ್ಲಿಯವರೆಗೆ ಹೇಳಿದ್ದು ಶಕ್ತಿಯ ಕಥೆ. ಶಕ್ತಿ ಬಂದಲ್ಲಿ ಹೊಣೆಯೂ ಬರುತ್ತದೆ. ಕೋಟ್ಯಂತರ ಜನರ ಮಾಹಿತಿ ಒಂದೆಡೆ ಸೇರಿದಾಗ ಅದನ್ನು ಯಾರು ನೋಡಬಹುದು, ಯಾವುದಕ್ಕೆ ಬಳಸಬಹುದು ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯನ್ನು 2012ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಯೋಜನೆಯನ್ನು ಎತ್ತಿಹಿಡಿದರೂ ಅದರ ಬಳಕೆಗೆ ಮಿತಿ ಹಾಕಿತು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು.

ಕಾನೂನು ಒಂದು ಮಾತಾದರೆ ಕೆಲಸ ಮಾಡುವವನ ಮನಸ್ಸು ಇನ್ನೊಂದು. 2017ರ ಜನವರಿಯಲ್ಲಿ ಜಗತ್ತಿನಾದ್ಯಂತ ಸಾವಿರಾರು 'ಮೊಂಗೋಡಿಬಿ' ಸಂಗ್ರಹಗಳನ್ನು ಕಿಡಿಗೇಡಿಗಳು ಅಳಿಸಿ ಹಣ ಕೇಳಿದರು. ಅವರು ಯಾವ ಬೀಗವನ್ನೂ ಮುರಿದಿರಲಿಲ್ಲ. ಉಚಿತವಾಗಿ ಸಿಕ್ಕ ತಂತ್ರಾಂಶವನ್ನು ಸ್ಥಾಪಿಸಿದವರು ಪಾಸ್‌ವರ್ಡ್ ಇಡದೆ ಅಂತರ್ಜಾಲಕ್ಕೆ ತೆರೆದಿಟ್ಟಿದ್ದರು. ತಂತ್ರಾಂಶ ಮುಕ್ತವಾಗಿರಬೇಕು, ಜನರ ಮಾಹಿತಿ ಭದ್ರವಾಗಿರಬೇಕು. ಈ ಎರಡನ್ನೂ ಗೊಂದಲ ಮಾಡಿಕೊಳ್ಳಬಾರದು. ಪ್ರವಾದಿ ಮುಹಮ್ಮದ್(ಸ) ಅವರನ್ನು ಮಕ್ಕಾದ ಜನ ಪ್ರವಾದಿತ್ವಕ್ಕೆ ಮೊದಲೇ 'ಅಲ್ ಅಮೀನ್', ಅಂದರೆ ನಂಬಿಕಸ್ಥ ಎಂದು ಕರೆಯುತ್ತಿದ್ದರು. ಜನ ತಮ್ಮ ವಸ್ತುಗಳನ್ನು ಅವರ ಬಳಿ ಅಮಾನತ್ ಇಡುತ್ತಿದ್ದರು. ಮತ್ತೊಬ್ಬರ ಹೆಸರು, ವಿಳಾಸ, ಕಾಯಿಲೆ, ಸಾಲದ ವಿವರ ನಮ್ಮ ಕೈಗೆ ಬಂದರೆ ಅದೂ ಅಮಾನತ್ತೇ.

ಇನ್ನೊಂದು ಎಚ್ಚರಿಕೆಯ ಮಾತು. ತೆರೆದ ಬಾಗಿಲು ಸದಾ ತೆರೆದೇ ಇರುತ್ತದೆಂಬ ಖಾತರಿಯಿಲ್ಲ. ಮೊಂಗೋಡಿಬಿ 2018ರಲ್ಲಿ ತನ್ನ ಪರವಾನಗಿಯನ್ನು ಬಿಗಿಗೊಳಿಸಿತು. 2024ರ ಮಾರ್ಚಿನಲ್ಲಿ 'ರೆಡಿಸ್' ಕೂಡ ಹಾಗೆಯೇ ಮಾಡಿದಾಗ, ಕೆಲವೇ ದಿನಗಳಲ್ಲಿ ಇತರರು ಹಳೆಯ ಮುಕ್ತ ಪ್ರತಿಯನ್ನು ಹಿಡಿದು 'ವಾಲ್ಕೀ' ಎಂಬ ಹೊಸ ಯೋಜನೆ ಆರಂಭಿಸಿದರು. 2025ರಲ್ಲಿ ರೆಡಿಸ್ ಮತ್ತೆ ಮುಕ್ತ ಪರವಾನಗಿಯನ್ನೂ ಸೇರಿಸಿಕೊಂಡಿತು. ಮುಕ್ತ ತಂತ್ರಾಂಶಗಳನ್ನೇ ಓಡಿಸುವ ಬಾಡಿಗೆ ಯಂತ್ರಗಳು ಇಂದು ಬಹುಪಾಲು ಕೆಲವೇ ದೊಡ್ಡ ಕಂಪೆನಿಗಳ ಕೈಯಲ್ಲಿವೆ. ಮುಂಬಾಗಿಲ ಬೀಗ ಹೋಯಿತೆಂದು ಸಂತೋಷಪಡುವಾಗ ಹಿಂಬಾಗಿಲ ಕಡೆಗೂ ಕಣ್ಣಿರಬೇಕು.

ವಿದ್ಯಾರ್ಥಿ ಮಿತ್ರರಿಗೆ

ಅಲ್ ಖ್ವಾರಿಝ್ಮಿ ಅವರ ಹೆಸರಿನಿಂದ 'ಅಲ್ಗಾರಿದಂ' ಎಂಬ ಪದ ಬಂತೆಂದು ನಾವು ಸಭೆ ಸಮಾರಂಭಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳಬೇಕಾದದ್ದೇ. ಆದರೆ ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಅವರು ಭಾರತೀಯ ಅಂಕಿಗಳ ಬಗ್ಗೆ ಬರೆದ ಪುಸ್ತ್ತಕದ ಅರಬ್ಬಿ ಮೂಲ ಇಂದು ಉಳಿದಿಲ್ಲ. ಅದು ಲ್ಯಾಟಿನ್ ಅನುವಾದದ ಮೂಲಕವೇ ನಮಗೆ ತಿಳಿದಿದೆ. ಭಾರತದ ಜ್ಞಾನ ಬಗ್ದಾದಿಗೆ ಹೋಯಿತು, ಬಗ್ದಾದಿನ ಜ್ಞಾನ ಯುರೋಪಿಗೆ ಹೋಯಿತು. ಹಂಚಿದ್ದರಿಂದ ಉಳಿಯಿತು. ಕಾಡ್ ಅವರ ಪ್ರಬಂಧ, ಗೂಗಲ್‌ನ ಪ್ರಬಂಧ, ಕಟಿಂಗ್ ಅವರ ಹಡೂಪ್ ಇವೂ ಹಂಚಿದ್ದರಿಂದಲೇ ಬೆಳೆದವು. ಈ ಇಡೀ ಚರಿತ್ರೆಯಲ್ಲಿ ಮುಂದೆ ಬಂದವರು ಮೊದಲು ಹಣವಿದ್ದವರಲ್ಲ. ಪ್ರಕಟವಾದುದನ್ನು ಕುಳಿತು ಓದಿದವರು.

ನಮ್ಮ ಅನೇಕ ಮನೆಗಳಲ್ಲಿ ದುಬಾರಿ ಕೋರ್ಸುಗಳಿಗೆ ಹಣವಿಲ್ಲ ಎಂಬುದು ನಿಜ. ಆದರೆ ಪೋಸ್ಟ್‌ಗ್ರೆಎಸ್‌ಕ್ಯೂಎಲ್, ಹಡೂಪ್, ಸ್ಪಾರ್ಕ್, ಕಾಫ್ಕಾ ಇವುಗಳ ಮೂಲ ಬರಹವೂ ಕೈಪಿಡಿಯೂ ಉಚಿತ. ಸಾಧಾರಣ ಗಣಕಯಂತ್ರ ಒಂದಿದ್ದರೆ ಕಲಿಯಲು ಆರಂಭಿಸಬಹುದು. ಮನೆಯಲ್ಲಿ ಇಲ್ಲದವರಿಗೆ ಶಾಲಾ ಕಾಲೇಜುಗಳ ಪ್ರಯೋಗಾಲಯಗಳನ್ನು ಸಂಜೆಯ ಹೊತ್ತು ತೆರೆದಿಡುವ ಬಗ್ಗೆ ಸಂಘದ ಹಿರಿಯರು ಯೋಚಿಸಬೇಕೆಂಬುದು ನನ್ನ ವಿನಂತಿ. ಕಲಿಯುವ ಕ್ರಮ ಮಾತ್ರ ತಪ್ಪಬಾರದು. ಮೊದಲು ಗಣಿತದ ಗಣ ಮತ್ತು ಸಂಬಂಧಗಳು, ಆಮೇಲೆ ಕೋಷ್ಟಕ ಮತ್ತು ಎಸ್‌ಕ್ಯೂಎಲ್, ಆಮೇಲೆ ಲಿನಕ್ಸ್, ಕೊನೆಗೆ ಹಡೂಪ್, ಸ್ಪಾರ್ಕ್. ಹೊಸ ಹೆಸರುಗಳು ಬರುತ್ತವೆ, ಹೋಗುತ್ತವೆ, ಅಡಿಪಾಯ ಉಳಿಯುತ್ತದೆ. ಕೈಪಿಡಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆಯೆಂದು ಹೆದರಬೇಡಿ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಮದರಸದಲ್ಲಿ ಅರಬ್ಬಿ ಎಂದು ಮೂರು ಲಿಪಿಗಳನ್ನು ಬಾಲ್ಯದಲ್ಲೇ ಕಲಿತ ಮಕ್ಕಳಿಗೆ ನಾಲ್ಕನೆಯದು ಪರ್ವತವಲ್ಲ.

ಹಿಂದೆ ದಿವಾನದ ಪುಸ್ತಕ ಬರೆಯಲು ಬಲ್ಲವರು ಕೆಲವೇ ಮಂದಿ. ಉಳಿದವರ ಹೆಸರನ್ನು ಆ ಕೆಲವರೇ ಬರೆಯುತ್ತಿದ್ದರು. ಇಂದು ಆ ವಿದ್ಯೆಯ ಬಾಗಿಲು ತೆರೆದಿದೆ. ನಮ್ಮ ಮಕ್ಕಳ ಹೆಸರು ಬೇರೆಯವರ ದಫ್ತರದಲ್ಲಿ ಒಂದು ಸಾಲಾಗಿ ಮಾತ್ರ ಉಳಿಯದೆ, ದಫ್ತರ ಕಟ್ಟುವವರ, ಅದನ್ನು ಪ್ರಾಮಾಣಿಕವಾಗಿ ಕಾಯುವವರ ಸಾಲಿನಲ್ಲೂ ಸೇರಲಿ.